ಹೋರಿ, ಎತ್ತು ಮತ್ತು ಸೂಜಿ



ವಾಸ್ಕೋ ಪಟ್ಟಣದ ಮಂಗೋರ್ ಹಿಲ್‌ನಲ್ಲಿ ನೆಲೆ ನಿಂತ ಕನ್ನಡಿಗರಲ್ಲಿ ಅನೇಕರ ಬೇರು ಘಟ್ಟದ ಮೇಲಿನ ಒಣಬೇಸಾಯದ ಊರುಗಳಲ್ಲಿದೆ. ಈಗ ಅವರ ಕೈಯಲ್ಲಿ ಬಾರುಕೋಲಿಲ್ಲ. ಬಂದರಿನ ಕೆಲಸವಿದೆ, ಗಾರೆ ಕೆಲಸವಿದೆ, ಲಾರಿಯ ಸ್ಟೇರಿಂಗ್ ಇದೆ. ಆದರೂ ಒಂದು ಪಾಠವನ್ನು ಅವರಿಗೆ ಯಾವ ಡಾಕ್ಟರೂ ಹೇಳಿಕೊಡಬೇಕಾಗಿಲ್ಲ. ಹೋರಿಗರುವಿನ ಬೀಜ ಒಡೆಸಿದರೆ ಅದು ಎತ್ತಾಗುತ್ತದೆ. ಕತ್ತು ದಪ್ಪವಾಗುವುದಿಲ್ಲ, ಹಿಣಿಲು ಹೋರಿಯಷ್ಟು ಏರುವುದಿಲ್ಲ, ಗುದ್ದುವ ಸಿಟ್ಟು ಇಳಿಯುತ್ತದೆ, ಹಸುವಿನ ಕಡೆ ತಿರುಗಿ ನೋಡುವುದಿಲ್ಲ. ಬೀಜ ಇರುವುದು ಹಿಂಗಾಲಿನ ನಡುವೆ, ಬದಲಾಗುವುದು ಕತ್ತು, ಬೆನ್ನು, ಮನಸ್ಸು. ಇದು ಹೇಗೆ? ಅಲ್ಲಿಂದ ಇಲ್ಲಿಗೆ ಸುದ್ದಿ ಒಯ್ಯುವವರು ಯಾರು? ಈ ಪ್ರಶ್ನೆಗೆ ಉತ್ತರ ಸಿಗಲು ಮನುಷ್ಯನಿಗೆ ಸಾವಿರಾರು ವರ್ಷ ಬೇಕಾಯಿತು. ಉತ್ತರ ಸಿಗುವ ಮೊದಲೇ ಅದರ ವ್ಯಾಪಾರ ಶುರುವಾಗಿತ್ತು ಎಂಬುದು ಇನ್ನೊಂದು ಕಥೆ. ನಾನು ನಿಮಗೆ ಹೇಳಹೊರಟಿರುವುದು ಆ ಎರಡನ್ನೂ ಕೂಡಿಸಿ.

ಸುದ್ದಿ ಒಯ್ಯುವ ಆ ವಸ್ತುವಿನ ಹೆಸರು ಟೆಸ್ಟೋಸ್ಟೆರಾನ್. ಗಂಡಸಿನ ದೇಹದಲ್ಲಿ ಇದು ನಿಜವಾಗಿ ಕಡಿಮೆಯಾದಾಗ ಹೊರಗಿನಿಂದ ಕೊಟ್ಟು ತುಂಬಿಸುವ ಚಿಕಿತ್ಸೆ ಇದೆ. ಸೂಜಿಯಲ್ಲಿ ಕೊಡುತ್ತಾರೆ, ಚರ್ಮಕ್ಕೆ ಹಚ್ಚುವ ಜೆಲ್ ರೂಪದಲ್ಲೂ ಕೊಡುತ್ತಾರೆ. ಒಳ್ಳೆಯ ಚಿಕಿತ್ಸೆ. ಆದರೆ ಇದರ ಸುತ್ತ ಬೆಳೆದ ಮಾತು ಮಾತ್ರ ಒಳ್ಳೆಯದಲ್ಲ. ಮದುವೆಯಾಗಿ ನಾಲ್ಕು ವರ್ಷವಾದರೂ ಮಕ್ಕಳಾಗದ ಮನೆಯನ್ನು ನೆನೆದುಕೊಳ್ಳಿ. ಮೊದಲು ಸೊಸೆಯನ್ನು ದೇವರಿಂದ ದೇವರಿಗೆ, ಡಾಕ್ಟರಿಂದ ಡಾಕ್ಟರಿಗೆ ಅಲೆದಾಡಿಸುತ್ತಾರೆ. ಗಂಡನ ಸರದಿ ಬಂದರೆ ಅವನಿಗೆ ಬೇಕಾಗುವುದು ಪರೀಕ್ಷೆಯಲ್ಲ, ಒಂದು "ಶಕ್ತಿ ಸೂಜಿ". ಆ ಸೂಜಿಯಲ್ಲಿ ಟೆಸ್ಟೋಸ್ಟೆರಾನ್ ಇದ್ದರೆ ಹುಟ್ಟಬಹುದಾಗಿದ್ದ ಮಗುವಿನ ದಾರಿಯನ್ನು ಅದೇ ಮುಚ್ಚುತ್ತದೆ. ಹೇಗೆ ಎಂಬುದನ್ನು ಮುಂದೆ ಹೇಳುತ್ತೇನೆ. ಅದಕ್ಕೂ ಮೊದಲು ಸ್ವಲ್ಪ ಹಿಂದಕ್ಕೆ ಹೋಗೋಣ.

ನಮ್ಮ ಆಯುರ್ವೇದದಲ್ಲಿ ವಾಜೀಕರಣ ಎಂಬ ಒಂದು ಅಂಗವೇ ಇದೆ. ವಾಜಿ ಎಂದರೆ ಕುದುರೆ. ಚರಕ ಸಂಹಿತೆಯ ಚಿಕಿತ್ಸಾಸ್ಥಾನದ ಎರಡನೆಯ ಅಧ್ಯಾಯ ಪೂರ್ತಿ ಇದಕ್ಕೇ ಮೀಸಲು. ಸುಶ್ರುತ ಸಂಹಿತೆಯಲ್ಲಿ ಹೋತದ ಬೀಜವನ್ನು ಹಾಲಿನಲ್ಲಿ ಬೇಯಿಸಿ ಕೊಡುವ ಮಾತು ಬರುತ್ತದೆ. ಪೌರುಷ ಬೀಜದಲ್ಲಿದೆ, ಆದ್ದರಿಂದ ಬೀಜ ತಿಂದರೆ ಪೌರುಷ ಬರುತ್ತದೆ ಎಂಬ ತರ್ಕ ಅದು. ತರ್ಕದಲ್ಲಿ ತಪ್ಪಿಲ್ಲ, ತಪ್ಪಿರುವುದು ಹೊಟ್ಟೆಯಲ್ಲಿ. ಟೆಸ್ಟೋಸ್ಟೆರಾನ್ ನುಂಗಿದರೆ ಕರುಳಿನಿಂದ ನೇರ ಯಕೃತ್ತಿಗೆ ಹೋಗಿ ಅಲ್ಲೇ ಬಹುಪಾಲು ನಾಶವಾಗುತ್ತದೆ. ಅದೂ ಅಲ್ಲದೆ ಬೀಜ ತಾನು ತಯಾರಿಸಿದ್ದನ್ನು ಕೂಡಿಡುವ ಕಣಜವಲ್ಲ. ತಯಾರಾದದ್ದು ಆಗಿಂದಾಗಲೇ ರಕ್ತಕ್ಕೆ ಸೇರಿಬಿಡುತ್ತದೆ.

ಗೋವೆಯ ನೆಲದಲ್ಲೇ ಈ ವಿಷಯದ ಬಗ್ಗೆ ಯೋಚಿಸಿದ ಒಬ್ಬ ವೈದ್ಯನಿದ್ದ. ಹೆಸರು ಗಾರ್ಸಿಯಾ ದ ಓರ್ತಾ. ಪೋರ್ಚುಗೀಸ್ ವೈದ್ಯ, ಮೂಲದಲ್ಲಿ ಯಹೂದಿ ಮನೆತನದವನು. ಭಾರತದ ಔಷಧಿಗಳನ್ನು ಕುರಿತು ಅವನು ಬರೆದ ಸಂವಾದಗಳ ಪುಸ್ತಕ 1563ರಲ್ಲಿ ಗೋವೆಯಲ್ಲೇ ಅಚ್ಚಾಯಿತು. ಅದರಲ್ಲಿ ಅಫೀಮಿನ ಮೇಲೆ ಒಂದು ಸಂವಾದವಿದೆ. ಜನ ಅಫೀಮನ್ನು ಕಾಮಶಕ್ತಿಗೆಂದು ತಿನ್ನುತ್ತಾರೆ, ಆದರೆ ವೈದ್ಯಶಾಸ್ತ್ರದ ಪ್ರಕಾರ ಅದರ ಗುಣ ಇದಕ್ಕೆ ವಿರುದ್ಧ ಎಂಬುದು ಅವನ ವಾದ. ದಿನಕ್ಕೆ ಮೂರು ತೊಲ ಅಫೀಮು ತಿಂದು ಸದಾ ತೂಕಡಿಸುತ್ತಿದ್ದ, ಅಹಮದ್‌ನಗರದ ನಿಜಾಂಶಾಹಿಯ ಒಬ್ಬ ಕಾರ್ಯದರ್ಶಿಯ ಉದಾಹರಣೆಯನ್ನೂ ಅಲ್ಲೇ ಕೊಡುತ್ತಾನೆ. ಓರ್ತಾ ಕೊಟ್ಟ ಕಾರಣ ಅಂದಿನ ಶೀತ-ಉಷ್ಣದ ಶಾಸ್ತ್ರದ್ದು, ಇವತ್ತು ಅದು ನಿಲ್ಲುವುದಿಲ್ಲ. ಆದರೆ ತೀರ್ಮಾನ ನಿಂತಿದೆ. ಅಫೀಮು ಮತ್ತು ಅದರ ಬಳಗದ ನೋವಿನ ಮದ್ದುಗಳನ್ನು ಬಹಳ ದಿನ ತೆಗೆದುಕೊಂಡವರಲ್ಲಿ ಟೆಸ್ಟೋಸ್ಟೆರಾನ್ ಇಳಿಯುತ್ತದೆ ಎಂದು ಈಗ ಚೆನ್ನಾಗಿ ಗೊತ್ತಾಗಿದೆ. ಟ್ರಮಡಾಲ್ ಅದೇ ಬಳಗದ್ದು. ನಮ್ಮ ದೇಶದಲ್ಲಿ 2018ರಲ್ಲಿ ಅದನ್ನು ಮಾದಕ ವಸ್ತುಗಳ ಕಾಯ್ದೆಯ ಕೆಳಗೆ ತಂದರು. ದಿನವಿಡೀ ಭಾರ ಹೊತ್ತು ಸೊಂಟನೋವಿಗೆಂದು ಇಂಥ ಮಾತ್ರೆಯ ರೂಢಿ ಬಿದ್ದವನು ತನಗೆ "ಶಕ್ತಿ ಇಳಿಯಿತು" ಎನ್ನುವಾಗ ಓರ್ತಾನ ಪುಟವನ್ನು ನೆನೆಯಬೇಕು. (ಓರ್ತಾ 1568ರಲ್ಲಿ ತೀರಿಕೊಂಡ. ಗುಟ್ಟಾಗಿ ಯಹೂದಿ ಧರ್ಮ ಪಾಲಿಸಿದನೆಂದು 1580ರಲ್ಲಿ ಇನ್‌ಕ್ವಿಜಿಷನ್ ಅವನ ಎಲುಬುಗಳನ್ನು ಗೋರಿಯಿಂದ ತೆಗೆಸಿ ಸುಡಿಸಿತು.)

ರೈತನ ಪ್ರಶ್ನೆಗೆ ಮೊದಲ ಉತ್ತರ ಸಿಕ್ಕಿದ್ದು ಹುಂಜಗಳಿಂದ. ಜರ್ಮನಿಯ ಗಾಟಿಂಗೆನ್‌ನಲ್ಲಿ ಆರ್ನಾಲ್ಡ್ ಬರ್ಟ್‌ಹೋಲ್ಡ್ ಎಂಬ ಪ್ರಾಧ್ಯಾಪಕ ಆರು ಎಳೆ ಹುಂಜಗಳ ಮೇಲೆ ಪ್ರಯೋಗ ಮಾಡಿ 1849ರಲ್ಲಿ ಪ್ರಕಟಿಸಿದ. ಬೀಜ ಪೂರ್ತಿ ತೆಗೆದ ಹುಂಜಗಳ ಕೆಂಪು ಜುಟ್ಟು ಬೆಳೆಯಲಿಲ್ಲ, ಅವು ಕೂಗಲಿಲ್ಲ, ಜಗಳಕ್ಕೆ ಹೋಗಲಿಲ್ಲ. ಬೀಜವನ್ನು ಅದರ ಜಾಗದಿಂದ ಕಿತ್ತು ಹೊಟ್ಟೆಯೊಳಗೆ ಬೇರೆಡೆ ನೆಟ್ಟ ಹುಂಜಗಳು ಮಾತ್ರ ಹುಂಜಗಳಾಗಿಯೇ ಬೆಳೆದವು. ಕೊನೆಗೆ ಕೊಯ್ದು ನೋಡಿದರೆ ನೆಟ್ಟ ಬೀಜಕ್ಕೆ ಹೊಸ ರಕ್ತನಾಳಗಳು ಬಂದಿದ್ದವು, ಹಳೆಯ ನರಗಳ ಸಂಬಂಧ ಕಡಿದುಹೋಗಿತ್ತು. ಅಂದರೆ ಸುದ್ದಿ ಒಯ್ಯುವುದು ನರವಲ್ಲ, ರಕ್ತ. ಇಷ್ಟು ಸೊಗಸಾದ ಪ್ರಯೋಗವನ್ನು ಲೋಕ ಸುಮಾರು ಅರ್ಧ ಶತಮಾನ ಮರೆತೇಬಿಟ್ಟಿತು. ಹಾರ್ಮೋನ್ ಎಂಬ ಶಬ್ದ ಹುಟ್ಟಿದ್ದೇ 1905ರಲ್ಲಿ.

ಲೋಕ ಮರೆಯದಿದ್ದದ್ದು ಇನ್ನೊಂದು ಘಟನೆಯನ್ನು. ಮುರಗಾಂವ್ ಬಂದರಿನಿಂದ ಕ್ಯಾಸಲ್‌ರಾಕ್ ಘಟ್ಟದವರೆಗಿನ ರೈಲು ಮಾರ್ಗ 1888ರ ಹೊತ್ತಿಗೆ ಮುಗಿದಿತ್ತು. ಅದರ ಮರುವರ್ಷ, 1889ರ ಜೂನ್ 1ರಂದು, ಪ್ಯಾರಿಸ್‌ನ ಒಂದು ವಿದ್ವತ್ಸಭೆಯಲ್ಲಿ 72 ವರ್ಷದ ಚಾರ್ಲ್ಸ್ ಬ್ರೌನ್-ಸೆಕಾರ್ ಎದ್ದು ನಿಂತ. ಮಾರಿಷಸ್‌ನಲ್ಲಿ ಹುಟ್ಟಿ ಬೆಳೆದವನು, ನರಮಂಡಲದ ವಿಷಯದಲ್ಲಿ ಹೆಸರಾದ ಪಂಡಿತ. ನಾಯಿ ಮತ್ತು ಗಿನಿಯಿಲಿಯ ಬೀಜವನ್ನು ಅರೆದು, ನೀರಿನಲ್ಲಿ ಸೋಸಿ, ಆ ರಸವನ್ನು ತನಗೆ ತಾನೇ ಚುಚ್ಚಿಕೊಂಡೆ ಎಂದ. ಕಸುವು ಮರಳಿದೆ, ಮೆಟ್ಟಿಲು ಹತ್ತುವುದು ಸುಲಭವಾಗಿದೆ, ದೀರ್ಘಕಾಲ ಕೆಲಸ ಮಾಡಬಲ್ಲೆ ಎಂದ. ಸುಳ್ಳು ಹೇಳಿದ ಮನುಷ್ಯನಲ್ಲ. ಅವನಿಗೆ ಹಾಗೆಯೇ ಅನ್ನಿಸಿತ್ತು. ಆದರೆ ಟೆಸ್ಟೋಸ್ಟೆರಾನ್ ನೀರಿನಲ್ಲಿ ಕರಗುವುದಿಲ್ಲ. 2002ರಲ್ಲಿ ಆಸ್ಟ್ರೇಲಿಯಾದ ವೈದ್ಯರು ಅವನ ವಿಧಾನದಲ್ಲೇ ರಸ ತಯಾರಿಸಿ ಅಳೆದು ನೋಡಿದರು. ಕೆಲಸ ಮಾಡುವಷ್ಟು ಹಾರ್ಮೋನ್ ಅದರಲ್ಲಿ ಇರಲೇ ಇಲ್ಲ. ಆ ಮುದುಕನನ್ನು ಮೆಟ್ಟಿಲು ಹತ್ತಿಸಿದ್ದು ನಂಬಿಕೆ. ಈ ನಂಬಿಕೆಯ ಬಲವನ್ನು ಹಗುರವಾಗಿ ಎಣಿಸಬೇಡಿ. ಇವತ್ತಿಗೂ ಬೀದಿಬದಿಯ ಡೇರೆಯಲ್ಲಿ ಮಾರಾಟವಾಗುವುದು ಅದೇ.

ಮುಂದಿನ ಪ್ರಸಂಗ ನಮಗೆ ಇನ್ನೂ ಹತ್ತಿರದ್ದು. ವಿಯೆನ್ನಾದ ಓಯ್ಗೆನ್ ಸ್ಟೈನಾಕ್ ಎಂಬ ಶರೀರಶಾಸ್ತ್ರಜ್ಞ ಒಂದು ಸಿದ್ಧಾಂತ ಹೂಡಿದ. ವೀರ್ಯಾಣು ಹೋಗುವ ನಾಳವನ್ನು ಕಟ್ಟಿಬಿಟ್ಟರೆ, ಬೀಜದೊಳಗಿನ ಹಾರ್ಮೋನ್ ತಯಾರಿಸುವ ಭಾಗ ಹುಲುಸಾಗಿ ಬೆಳೆದು ಯೌವನ ಮರಳುತ್ತದೆ ಎಂದು. 1918ರಿಂದ ಈ ಶಸ್ತ್ರಕ್ರಿಯೆ ಮನುಷ್ಯರ ಮೇಲೆ ನಡೆಯತೊಡಗಿತು. ಮನಃಶಾಸ್ತ್ರದ ಸಿಗ್ಮಂಡ್ ಫ್ರಾಯ್ಡ್ 1923ರಲ್ಲಿ ಮಾಡಿಸಿಕೊಂಡರು. ಐರಿಷ್ ಕವಿ ಯೇಟ್ಸ್ 1934ರಲ್ಲಿ ಮಾಡಿಸಿಕೊಂಡರು. ಈಗ ಗಮನವಿಟ್ಟು ನೋಡಿ. ವೀರ್ಯನಾಳ ಕಟ್ಟುವ ಶಸ್ತ್ರಕ್ರಿಯೆ ಎಂದರೆ ಯಾವುದು? ನಾವು ನಸಬಂದಿ ಎನ್ನುವ, ಸರ್ಕಾರಿ ಆಸ್ಪತ್ರೆಗಳಲ್ಲಿ ಪುರುಷರ ಸಂತಾನಹರಣ ಚಿಕಿತ್ಸೆ ಎನ್ನುವ ಅದೇ ಕೆಲಸ. ವಿಯೆನ್ನಾದ ಸಿರಿವಂತ ಅದನ್ನು ಕಾಸು ಕೊಟ್ಟು ಮಾಡಿಸಿಕೊಂಡದ್ದು ಗಂಡಸುತನ ಹೆಚ್ಚಲಿ ಎಂದು. ನಮ್ಮ ಹಳ್ಳಿಯ ಗಂಡಸು ಅದಕ್ಕೆ ಹೆದರಿ ಓಡಿದ್ದು ಗಂಡಸುತನ ಹೋಗುತ್ತದೆ ಎಂದು. ಇಬ್ಬರೂ ತಪ್ಪಿದರು. ಆ ನಾಳದಲ್ಲಿ ಹರಿಯುವುದು ವೀರ್ಯಾಣು ಮಾತ್ರ. ಹಾರ್ಮೋನ್ ಅದರ ಹಂಗಿಲ್ಲದೆ ರಕ್ತಕ್ಕೆ ಸೇರುತ್ತದೆ. ನಾಳ ಕಟ್ಟಿದರೆ ಅದು ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ಬರ್ಟ್‌ಹೋಲ್ಡನ ಹುಂಜಗಳು ಇದನ್ನು 1849ರಲ್ಲೇ ಹೇಳಿದ್ದವು.

ಹೆದರಿದವರನ್ನು ನಾನು ಹಾಸ್ಯ ಮಾಡುವುದಿಲ್ಲ. ತುರ್ತುಪರಿಸ್ಥಿತಿಯ ಕಾಲದಲ್ಲಿ, 1976-77ರ ಒಂದೇ ವರ್ಷದಲ್ಲಿ, ದೇಶದಲ್ಲಿ 80 ಲಕ್ಷಕ್ಕೂ ಹೆಚ್ಚು ಸಂತಾನಹರಣ ಶಸ್ತ್ರಕ್ರಿಯೆಗಳು ನಡೆದವು. ಅವುಗಳಲ್ಲಿ ಸುಮಾರು ಮುಕ್ಕಾಲು ಪಾಲು ಗಂಡಸರಿಗೆ ಮಾಡಿದವು. ಬಲವಂತ ಎಷ್ಟಿತ್ತೆಂಬುದು ಆ ತಲೆಮಾರಿಗೆ ಗೊತ್ತು. ಬಲವಂತದ ನೆನಪು ಮತ್ತು ಶಕ್ತಿ ಹೋಗುತ್ತದೆ ಎಂಬ ಭಯ ಎರಡೂ ಸೇರಿ ಏನಾಯಿತು? 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಲೆಕ್ಕ ನೋಡಿ. ಮಕ್ಕಳಾಗದಂತೆ ಹೆಂಗಸೇ ಆಪರೇಷನ್ ಮಾಡಿಸಿಕೊಂಡಿರುವುದು ನೂರಕ್ಕೆ 37.9, ಗಂಡಸು ಮಾಡಿಸಿಕೊಂಡಿರುವುದು ನೂರಕ್ಕೆ 0.3. ಒಂದು ಹಾರ್ಮೋನಿನ ಬಗೆಗಿನ ತಪ್ಪು ತಿಳಿವಳಿಕೆಯ ಭಾರವನ್ನು ಹೊತ್ತವರು ಯಾರು ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಪ್ಯಾರಿಸ್‌ನ ಸರ್ಜ್ ವೊರೊನಾಫ್ 1920ರಲ್ಲಿ ಮಂಗನ ಬೀಜದ ತುಂಡುಗಳನ್ನು ಮನುಷ್ಯರಿಗೆ ಕಸಿ ಮಾಡತೊಡಗಿ ಅಪಾರ ಹಣ ಮಾಡಿದ. ಪರಕೀಯ ಮಾಂಸವನ್ನು ದೇಹ ಉಳಿಸಿಕೊಳ್ಳುವುದಿಲ್ಲ, ಕಸಿ ಒಣಗಿಹೋಯಿತು. ಅವನ ಬಗ್ಗೆ ಇಷ್ಟು ಸಾಕು.

ನಿಜವಾದ ವಸ್ತುವನ್ನು ಹಿಡಿದವರು ರಸಾಯನಶಾಸ್ತ್ರಜ್ಞರು. ಜರ್ಮನಿಯ ಅಡಾಲ್ಫ್ ಬ್ಯುಟೆನಾಂಟ್ 1931ರಲ್ಲಿ ಸಾವಿರಾರು ಲೀಟರ್ ಗಂಡಸರ ಮೂತ್ರ ಸಂಗ್ರಹಿಸಿ, ಬಟ್ಟಿ ಇಳಿಸಿ, ಹತ್ತಿರದ ಒಂದು ವಸ್ತುವನ್ನು ತೆಗೆದ. ಸಿಕ್ಕಿದ್ದು 15 ಮಿಲಿಗ್ರಾಂ. ಆಮ್‌ಸ್ಟರ್‌ಡಾಮಿನ ಎರ್ನ್ಸ್ಟ್ ಲಾಕರ್‌ನ ತಂಡ 1935ರಲ್ಲಿ ಸುಮಾರು 100 ಕಿಲೋ ಹೋರಿಬೀಜದಿಂದ 10 ಮಿಲಿಗ್ರಾಂ ಹರಳು ತೆಗೆದು ಟೆಸ್ಟೋಸ್ಟೆರಾನ್ ಎಂದು ಹೆಸರಿಟ್ಟಿತು. 100 ಕಿಲೋದಿಂದ ಉಗುರಿನ ಮೇಲೆ ಹಿಡಿಯುವಷ್ಟು! ಹಾಲಿನಲ್ಲಿ ಬೇಯಿಸಿದ ಹೋತದ ಬೀಜದಲ್ಲಿ ಎಷ್ಟು ಇದ್ದೀತು, ನೀವೇ ಲೆಕ್ಕ ಹಾಕಿ. ಅದೇ 1935ರಲ್ಲಿ ಬ್ಯುಟೆನಾಂಟ್ ಮತ್ತು ಸ್ವಿಟ್ಜರ್ಲೆಂಡಿನ ಲಿಯೋಪೋಲ್ಡ್ ರುಝಿಚ್ಕಾ ಬೇರೆ ಬೇರೆಯಾಗಿ, ಕೊಲೆಸ್ಟೆರಾಲ್‌ನಿಂದ ಅದನ್ನು ಪ್ರಯೋಗಶಾಲೆಯಲ್ಲೇ ತಯಾರಿಸಿದರು. ಇಬ್ಬರಿಗೂ 1939ರ ನೊಬೆಲ್ ಬಂತು. ಬ್ಯುಟೆನಾಂಟ್ ಅದನ್ನು ಸ್ವೀಕರಿಸದಂತೆ ನಾಜಿ ಸರ್ಕಾರ ತಡೆಯಿತು. ಸೂಜಿಮದ್ದು ಮಾರುಕಟ್ಟೆಗೆ ಬಂತು. ಎಣ್ಣೆಯಲ್ಲಿ ಕರಗಿಸಿ ಚುಚ್ಚಿದರೆ ನಿಧಾನವಾಗಿ ರಕ್ತಕ್ಕೆ ಇಳಿಯುತ್ತದೆ. ನಮ್ಮ ಔಷಧಿ ಅಂಗಡಿಗಳಲ್ಲಿ ಟೆಸ್ಟೋವಿರಾನ್, ಸಸ್ಟನಾನ್ ಎಂಬ ಹೆಸರುಗಳಿಂದ ಬಂದದ್ದು ಇದೇ.

ಇಲ್ಲಿ ಒಂದು ವಿಚಿತ್ರ. ಮದ್ದು 1935ರಲ್ಲೇ ಸಿಕ್ಕಿತು, ಆದರೆ ಯಾರಿಗೆ ಕೊಡಬೇಕೆಂದು ತಿಳಿಯಲು ರಕ್ತದಲ್ಲಿ ಅದನ್ನು ಅಳೆಯುವ ಸುಲಭ ವಿಧಾನ ಬಂದದ್ದು 1970ರ ಸುಮಾರಿಗೆ. ನಡುವಿನ 35 ವರ್ಷ ಡಾಕ್ಟರು ಮುಖ ನೋಡಿ, ಮಾತು ಕೇಳಿ, ಅಂದಾಜಿನ ಮೇಲೆ ಕೊಟ್ಟರು. ತೂಕದ ಕಲ್ಲು ಬರುವ ಮೊದಲೇ ಅಂಗಡಿ ತೆರೆದ ಹಾಗೆ. ಸುಸ್ತು, ಬೇಸರ, ನಿದ್ದೆ ಬರದಿರುವುದು, ವಯಸ್ಸು ಎಲ್ಲವೂ "ಹಾರ್ಮೋನ್ ಕಡಿಮೆ" ಎಂಬ ಒಂದೇ ಚೀಲಕ್ಕೆ ಬಿದ್ದವು. ಆ ಚೀಲ ಇನ್ನೂ ಖಾಲಿಯಾಗಿಲ್ಲ.

ಮದ್ದು ನಿಜವಾಗಿ ಬೇಕಾದವರು ಯಾರು? 1942ರಲ್ಲಿ ಬಾಸ್ಟನ್‌ನ ಯುವ ವೈದ್ಯ ಹ್ಯಾರಿ ಕ್ಲೈನ್‌ಫೆಲ್ಟರ್ ಒಂದು ಬಗೆಯ ಗಂಡಸರನ್ನು ವರ್ಣಿಸಿದರು. ಬೀಜ ಚಿಕ್ಕದು, ಗಟ್ಟಿ. ಎದೆ ಸ್ವಲ್ಪ ಉಬ್ಬಿರುತ್ತದೆ. ಮಕ್ಕಳಾಗುವುದಿಲ್ಲ. ಇವರಲ್ಲಿ ಒಂದು ಎಕ್ಸ್ ವರ್ಣತಂತು ಹೆಚ್ಚಿಗೆ ಇರುತ್ತದೆಂದು 1959ರಲ್ಲಿ ತಿಳಿಯಿತು. ಇದು ಅಪರೂಪವಲ್ಲ. ಹುಟ್ಟುವ ಐನೂರರಿಂದ ಸಾವಿರ ಗಂಡುಮಕ್ಕಳಿಗೆ ಒಬ್ಬನಂತೆ ಇರುತ್ತಾನೆ, ಬಹಳ ಜನಕ್ಕೆ ಜೀವಮಾನದಲ್ಲಿ ಇದು ಗೊತ್ತೇ ಆಗುವುದಿಲ್ಲ. ಪ್ರಾಯ ಬಂದಮೇಲೆ ಮಂಗನಬಾವು ತಗುಲಿ ಬೀಜ ಊದಿಕೊಂಡವರು, ಹುಟ್ಟಿನಿಂದ ಬೀಜ ಕೆಳಗಿಳಿಯದೆ ಹೊಟ್ಟೆಯಲ್ಲೇ ಉಳಿದವರು, ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿಯಲ್ಲಿ ಗಂಟು ಬೆಳೆದವರು, ತಲೆಗೆ ಬಲವಾದ ಪೆಟ್ಟು ಬಿದ್ದವರು ಕೂಡ ಈ ಸಾಲಿನಲ್ಲಿ ಬರಬಹುದು. ಹದಿನೆಂಟು ದಾಟಿದರೂ ಮೀಸೆ ಚಿಗುರದ, ದನಿ ಒಡೆಯದ ಹುಡುಗನನ್ನು ಓಣಿಯವರು ಏನೆಂದು ಕರೆಯುತ್ತಾರೆ ನಿಮಗೆ ಗೊತ್ತು. ಅವನಿಗೆ ಬೇಕಾದದ್ದು ಹೆಸರಲ್ಲ, ಒಂದು ರಕ್ತಪರೀಕ್ಷೆ. ಇಂಥವನಿಗೆ ಈ ಚಿಕಿತ್ಸೆ ದನಿ ಕೊಡುತ್ತದೆ, ಎಲುಬಿಗೆ ಗಟ್ಟಿತನ ಕೊಡುತ್ತದೆ, ರಕ್ತಹೀನತೆ ತಗ್ಗಿಸುತ್ತದೆ.

ಇನ್ನು ಮೊದಲು ಹೇಳಿದ ಗುಟ್ಟು. ಗುಡ್ಡದ ಮನೆಗಳ ನೀರಿನ ಟ್ಯಾಂಕಿನೊಳಗೆ ಒಂದು ತೇಲುವ ಚೆಂಡು ಇರುತ್ತದಲ್ಲ, ನೀರು ಮೇಲೇರಿದಾಗ ಅದೂ ಏರಿ ನಲ್ಲಿಯನ್ನು ಮುಚ್ಚುತ್ತದೆ. ಪಿಟ್ಯುಟರಿ ಗ್ರಂಥಿ ಮಾಡುವುದು ಇದನ್ನೇ. ರಕ್ತದಲ್ಲಿ ಟೆಸ್ಟೋಸ್ಟೆರಾನ್ ಕಡಿಮೆಯಾದರೆ ಎಲ್‌ಎಚ್ ಎಂಬ ಆಜ್ಞೆ ಕಳಿಸಿ ಬೀಜವನ್ನು ಕೆಲಸಕ್ಕೆ ಹಚ್ಚುತ್ತದೆ, ಹೆಚ್ಚಾದರೆ ಆಜ್ಞೆ ನಿಲ್ಲಿಸುತ್ತದೆ. ಹೊರಗಿನಿಂದ ಸೂಜಿ ಸುರಿದರೆ ಟ್ಯಾಂಕು ತುಂಬಿತೆಂದು ತಿಳಿದು ಅದು ನಲ್ಲಿ ಮುಚ್ಚುತ್ತದೆ. ಬೀಜ ತನ್ನ ಕೆಲಸ ಬಿಟ್ಟು ಮುದುಡುತ್ತದೆ. ವೀರ್ಯಾಣು ಬೆಳೆಯಲು ಬೀಜದ ಒಳಗೆ ರಕ್ತಕ್ಕಿಂತ ಹತ್ತಾರು ಪಟ್ಟು ಹೆಚ್ಚು ಟೆಸ್ಟೋಸ್ಟೆರಾನ್ ಇರಬೇಕು, ಅದನ್ನು ಸೂಜಿ ತುಂಬಿಸಲಾರದು. ಇದು ಎಷ್ಟು ಖಚಿತವೆಂದರೆ ವಿಶ್ವ ಆರೋಗ್ಯ ಸಂಸ್ಥೆ ಇದನ್ನೇ ಗಂಡಸರ ಗರ್ಭನಿರೋಧಕವಾಗಿ ಪರೀಕ್ಷಿಸಿತು. ಏಳು ದೇಶಗಳ 271 ಆರೋಗ್ಯವಂತ ಗಂಡಸರಿಗೆ ವಾರಕ್ಕೊಮ್ಮೆ 200 ಮಿಲಿಗ್ರಾಂ ಸೂಜಿ ಕೊಟ್ಟ ಆ ವರದಿ 1990ರಲ್ಲಿ ಬಂತು. ಅರ್ಧಕ್ಕಿಂತ ಹೆಚ್ಚು ಜನರ ವೀರ್ಯಾಣು ಪೂರ್ತಿ ಮಾಯವಾಯಿತು. ಅವರು ಆಮೇಲೆ ಒಂದು ವರ್ಷ ಆ ಸೂಜಿಯೊಂದನ್ನೇ ನಂಬಿದರು. ಅವರ ಹೆಂಡಂದಿರಲ್ಲಿ ಗರ್ಭ ನಿಂತದ್ದು ಒಂದೇ ಒಂದು. ಮಕ್ಕಳು ಬೇಕೆಂದು ಬಂದವನಿಗೆ ಕೊಡುವ ಮದ್ದೇ ಇದು?

ಸೂಜಿ ನಿಲ್ಲಿಸಿದರೆ ವೀರ್ಯಾಣು ಸಾಮಾನ್ಯವಾಗಿ ಮರಳುತ್ತದೆ. ಆದರೆ ತಿಂಗಳುಗಟ್ಟಲೆ ಹಿಡಿಯುತ್ತದೆ, ಕೆಲವರಿಗೆ ವರ್ಷ ದಾಟುತ್ತದೆ. ಜಿಮ್‌ಗಳಲ್ಲಿ ಮೈ ಕಟ್ಟಲು ಕದ್ದು ಚುಚ್ಚಿಸಿಕೊಳ್ಳುವ ಹುಡುಗರಿಗೂ ಇದೇ ಗತಿ. ಕಾಯ್ದೆಯ ಪ್ರಕಾರ ಈ ಮದ್ದನ್ನು ಡಾಕ್ಟರ ಚೀಟಿ ಇಲ್ಲದೆ ಮಾರುವಂತಿಲ್ಲ. ಲೈಂಗಿಕ ಶಕ್ತಿ ಹೆಚ್ಚಿಸುತ್ತೇವೆ ಎಂಬ ಜಾಹೀರಾತನ್ನೂ 1954ರ ಕಾಯ್ದೆಯೊಂದು ನಿಷೇಧಿಸಿದೆ. ಆ ಕಾಯ್ದೆ ಬಂದಮೇಲೂ ರೈಲು ಹಳಿಯ ಪಕ್ಕದ ಗೋಡೆಗಳ ಬಣ್ಣ ಮಾಸಿಲ್ಲ ಎಂಬುದನ್ನು ನೀವು ನೋಡಿಯೇ ಇರುತ್ತೀರಿ. ಆ ಗೋಡೆಗಳು ಬಹಳವಾಗಿ ಹೆದರಿಸುವುದು ಧಾತು ಹೋಗುವ ಮಾತಿನಿಂದ. ಅದು ಹಾರ್ಮೋನಿನ ಕಾಯಿಲೆಯೇ ಅಲ್ಲ. ಆತಂಕದಿಂದ ಬರುವ ಈ ಬಳಲಿಕೆಯನ್ನು ಡಾ. ಎನ್.ಎನ್. ವಿಗ್ 1960ರಲ್ಲಿ ಧಾತ್ ಸಿಂಡ್ರೋಮ್ ಎಂದು ಹೆಸರಿಸಿದರು. ಅದಕ್ಕೆ ಬೇಕಾದದ್ದು ಸಮಾಧಾನದ ಮಾತು, ಸೂಜಿಯಲ್ಲ.

ಗೋಡೆ ಬರಹದ ವಿದ್ಯೆ ನಮ್ಮದಷ್ಟೇ ಎಂದು ನಾಚಬೇಕಿಲ್ಲ. ಅಮೆರಿಕದಲ್ಲಿ 2000ರಲ್ಲಿ ಜೆಲ್ ಬಂದ ಮೇಲೆ ಕಂಪನಿಗಳು ವಯಸ್ಸಾಗುವುದನ್ನೇ ಒಂದು ಕಾಯಿಲೆಯಂತೆ ಮಾರಿದವು. 2010ರ ಯುರೋಪಿನ ಒಂದು ದೊಡ್ಡ ಅಧ್ಯಯನ 40ರಿಂದ 79ರ ವಯಸ್ಸಿನ ಮೂರು ಸಾವಿರಕ್ಕೂ ಹೆಚ್ಚು ಗಂಡಸರನ್ನು ನೋಡಿದಾಗ, ಲಕ್ಷಣವೂ ಕೊರತೆಯೂ ಎರಡೂ ಕೂಡಿದ್ದವರು ನೂರಕ್ಕೆ ಇಬ್ಬರು ಮಾತ್ರ. ಬರೀ ವಯಸ್ಸಿನ ಕಾರಣಕ್ಕೆ ಇದನ್ನು ಕೊಡಲು ಒಪ್ಪಿಗೆಯಿಲ್ಲ ಎಂದು ಅಲ್ಲಿನ ಔಷಧಿ ನಿಯಂತ್ರಣ ಸಂಸ್ಥೆ 2015ರಲ್ಲಿ ಡಬ್ಬಿಯ ಮೇಲೆ ಬರೆಸಿತು. 65 ದಾಟಿದ 790 ಜನರ ಮೇಲಿನ 2016ರ ಪರೀಕ್ಷೆಯಲ್ಲಿ ಕಾಮಾಸಕ್ತಿ ಸ್ವಲ್ಪ ಏರಿತು, ಸುಸ್ತು ಮಾತ್ರ ಹೇಳಿಕೊಳ್ಳುವಷ್ಟು ಇಳಿಯಲಿಲ್ಲ. ಹೃದಯಾಘಾತ ಹೆಚ್ಚುತ್ತದೆಯೇ ಎಂಬ ಹಳೆಯ ಭಯಕ್ಕೆ 2023ರಲ್ಲಿ ಐದು ಸಾವಿರಕ್ಕೂ ಹೆಚ್ಚು ಜನರ ಪರೀಕ್ಷೆ ಉತ್ತರ ಕೊಟ್ಟಿತು. ನಿಜವಾದ ಕೊರತೆಯಿದ್ದವರಲ್ಲಿ ಅದು ಹೆಚ್ಚಲಿಲ್ಲ. ಆದರೆ ಎದೆಬಡಿತ ತಪ್ಪುವುದು, ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟುವುದು ಸ್ವಲ್ಪ ಹೆಚ್ಚು ಕಂಡವು. ರಕ್ತ ದಪ್ಪವಾಗುವುದೂ ಉಂಟು. ಅದಕ್ಕೇ ಚಿಕಿತ್ಸೆ ನಡೆಯುವಾಗ ಮೇಲಿಂದ ಮೇಲೆ ರಕ್ತ ತಪಾಸಣೆ ಆಗಬೇಕು. ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರ್ ಇದ್ದವರಿಗೆ ಇದು ಸಲ್ಲದು.

ಪರೀಕ್ಷೆ ಮಾಡಿಸುವವರು ಕೆಲವು ಮಾತು ಗಮನದಲ್ಲಿಡಿ. ಟೆಸ್ಟೋಸ್ಟೆರಾನ್ ನಿದ್ದೆಯ ಜೊತೆ ಏರಿ ಬೆಳಗಿನ ಹೊತ್ತು ತುದಿ ಮುಟ್ಟುತ್ತದೆ, ಸಂಜೆಗೆ ಇಳಿಯುತ್ತದೆ. ಆದ್ದರಿಂದ ಬೆಳಿಗ್ಗೆ ಹತ್ತರೊಳಗೆ, ಖಾಲಿ ಹೊಟ್ಟೆಯಲ್ಲಿ ರಕ್ತ ಕೊಡಬೇಕು. ಕಡಿಮೆ ಬಂದರೆ ಇನ್ನೊಂದು ದಿನ ಮತ್ತೆ ಕೊಡಬೇಕು. ಬಂದರಿನಲ್ಲಿ ರಾತ್ರಿ ಪಾಳಿ ಮುಗಿಸಿ, ಕಣ್ಣು ಕೆಂಪಗೆ ಮಾಡಿಕೊಂಡು ನೇರವಾಗಿ ಲ್ಯಾಬಿಗೆ ಹೋದವನ ರಕ್ತ ನಿಜ ಹೇಳುವುದಿಲ್ಲ. ರಾತ್ರಿ ಚೆನ್ನಾಗಿ ಮಲಗಲು ಸಿಕ್ಕ ದಿನಗಳ ನಂತರ ಹೋಗಲಿ. ಜ್ವರ ಬಂದಾಗಲೂ ಬೇಡ. ಹೊಟ್ಟೆಯ ಬೊಜ್ಜು, ಸಕ್ಕರೆ ಕಾಯಿಲೆ, ದಿನನಿತ್ಯದ ಸೆರೆ ಕೂಡ ಇದನ್ನು ಇಳಿಸುತ್ತವೆ. ತೂಕ ಇಳಿದರೆ, ಬಾಟಲಿ ಬಿಟ್ಟರೆ ಅನೇಕರಲ್ಲಿ ಸೂಜಿ ಇಲ್ಲದೆಯೇ ಅದು ತಾನಾಗಿ ಏರುತ್ತದೆ. ಗೋವೆಯಲ್ಲಿ ಸೆರೆ ಅಗ್ಗ ಎಂಬುದನ್ನು ಬೇರೆ ಹೇಳಬೇಕಿಲ್ಲ.

ಮಂಗೋರ್ ಹಿಲ್‌ನಿಂದ ಚಿಕಲಿಯ ಸರ್ಕಾರಿ ಆಸ್ಪತ್ರೆ ದೂರವಿಲ್ಲ. ಬಾಂಬೋಲಿಯ ಗೋವಾ ಮೆಡಿಕಲ್ ಕಾಲೇಜಿಗೆ ಬಸ್ಸಿನಲ್ಲಿ ಹೋಗಬಹುದು. 1842ರಲ್ಲಿ ಶುರುವಾದ ವೈದ್ಯಶಾಲೆಯ ಪರಂಪರೆ ಅದರದು. 2020ರ ಜೂನ್‌ನಲ್ಲಿ ಕೊರೊನಾ ಬಂದು ಈ ಗುಡ್ಡಕ್ಕೆ ಬೀಗ ಬಿದ್ದಾಗ ಗುಡ್ಡದ ಜನ ಸಾಲಿನಲ್ಲಿ ನಿಂತು ಪರೀಕ್ಷೆಗೆ ಮೂಗು ಕೊಟ್ಟರು. ಆಗ ಇರದ ನಾಚಿಕೆ ಈಗ ಏಕೆ? ಮಕ್ಕಳಾಗದ ಮನೆಯಿಂದ ಗಂಡ ಹೆಂಡತಿ ಇಬ್ಬರೂ ಒಟ್ಟಿಗೆ ಹೋಗಲಿ. ಗಂಡನ ವೀರ್ಯ ಪರೀಕ್ಷೆಗೆ ಸೂಜಿ ಬೇಡ, ನೋವಿಲ್ಲ. ಅದರಲ್ಲಿ ಕೊರತೆ ಕಂಡರೆ ರಕ್ತದ ಚೀಟಿಯಲ್ಲಿ ಟೆಸ್ಟೋಸ್ಟೆರಾನ್ ಒಂದನ್ನೇ ಅಲ್ಲ, ಅದರ ಪಕ್ಕದಲ್ಲಿ ಎಲ್‌ಎಚ್ ಎಷ್ಟಿದೆ ಎಂದೂ ಬರೆಸಿರಿ. ಟೆಸ್ಟೋಸ್ಟೆರಾನ್ ಇಳಿದು ಎಲ್‌ಎಚ್ ಏರಿದ್ದರೆ ತೊಂದರೆ ಬೀಜದಲ್ಲಿದೆ. ಎರಡೂ ಇಳಿದಿದ್ದರೆ ತೊಂದರೆ ಮೇಲೆ, ಪಿಟ್ಯುಟರಿಯಲ್ಲಿದೆ. ಎರಡನೆಯ ಬಗೆಯವರಿಗೆ ಟೆಸ್ಟೋಸ್ಟೆರಾನ್ ಬದಲು ಬೀಜವನ್ನೇ ಎಬ್ಬಿಸುವ ಬೇರೆ ಸೂಜಿ ಇದೆ. ಗರ್ಭಿಣಿಯರ ಮೂತ್ರದಿಂದ ತೆಗೆಯುವ ಎಚ್‌ಸಿಜಿ ಎಂಬುದು ಅದು. ವಾರಕ್ಕೆ ಎರಡು ಮೂರು ಬಾರಿಯಂತೆ ತಿಂಗಳುಗಟ್ಟಲೆ, ಕೆಲವೊಮ್ಮೆ ಜೊತೆಗೆ ಇನ್ನೊಂದು ಸೂಜಿಯನ್ನೂ ಸೇರಿಸಿ ಕೊಟ್ಟ ಮೇಲೆ, ಇಂಥ ಎಷ್ಟೋ ಗಂಡಸರು ತಂದೆಯರಾಗಿದ್ದಾರೆ.